ಕಾರಿನ ಏಸಿಗೆ ಗ್ಯಾಸ್ ತುಂಬಿಸುವ ಮುನ್ನ
ಏಪ್ರಿಲ್ ಮಧ್ಯಾಹ್ನ ಮಂಗಳೂರಿನ ಪಂಪ್‌ವೆಲ್ ವೃತ್ತದಲ್ಲಿ ಸಿಕ್ಕಿಕೊಂಡಾಗ ಏಸಿಯಿಂದ ಬಿಸಿಗಾಳಿ ಬಂದರೆ ‘ಗ್ಯಾಸ್ ಹಾಕಿಸಿ’ ಎನ್ನುವವರೇ ಎಲ್ಲರೂ; ಯಾವ ಗ್ಯಾಸ್ ಎಂದು ಕೇಳುವವರು ಕಡಿಮೆ. ಮೊದಲು ಬಾನೆಟ್ ಎತ್ತಿ, ಅದರ ಒಳಮೈಯಲ್ಲೋ ರೇಡಿಯೇಟರ್ ಮೇಲಿನ ಪಟ್ಟಿಯಲ್ಲೋ ಅಂಟಿಸಿರುವ ಚೀಟಿಯನ್ನು ಓದಿರಿ. ಗ್ಯಾಸಿನ ಹೆಸರು, ಗ್ರಾಂ ಲೆಕ್ಕದ ಪ್ರಮಾಣ, ಅನೇಕ ವೇಳೆ ಕಂಪ್ರೆಸರ್ ಆಯಿಲ್‌ನ ಬಗೆ ಸಹ ಅಲ್ಲಿರುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಆರ್-134ಎ; ಕೆಲವು ಹೊಸ ಕಾರುಗಳಲ್ಲಿ ಆರ್-1234ವೈಎಫ್ ಇರುತ್ತದೆ. ಇವೆರಡರ ಸರ್ವಿಸ್ ಪೋರ್ಟ್‌ಗಳನ್ನು, ಅಂದರೆ ಗ್ಯಾಸ್ ತುಂಬುವ ಬಾಯಿಗಳನ್ನು, ಅದಲುಬದಲಾಗದಂತೆ ಬೇರೆ ಬೇರೆಯಾಗಿಯೇ ಮಾಡಿರುವುದರಿಂದ, ಅಡಾಪ್ಟರ್ ಸಿಕ್ಕಿಸಿ ಒಂದರ ಬದಲು ಇನ್ನೊಂದನ್ನು ತುಂಬಲು ಹೊರಟವರನ್ನು ಅಲ್ಲಿಯೇ ತಡೆಯಿರಿ. ಅಗ್ಗವೆಂದು ಪ್ರೊಪೇನ್, ಬ್ಯೂಟೇನ್ ಬೆರೆತ ಗ್ಯಾಸನ್ನಂತೂ ಹಾಕಿಸಲೇಬಾರದು. ಸೋರಿದರೆ ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕಡಲ ಉಪ್ಪುಗಾಳಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರನ್ನು ತಿನ್ನುತ್ತದೆ; ಪೈಪಿನ ಜೋಡಣೆಯ ಸುತ್ತ ಧೂಳು ಹಿಡಿದ ಎಣ್ಣೆಜಿಡ್ಡು ಕಂಡರೆ ಅನುಮಾನಿಸಬೇಕಾದ ಜಾಗ ಅದೇ. ರಿಪೇರಿಯಾದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿಸಿ (ಪಂಪಿನಿಂದ ಒಳಗಿನ ಗಾಳಿ, ತೇವವನ್ನು ಎಳೆದು ತೆಗೆಸಿ), ಏಕೆಂದರೆ ನಮ್ಮ ಕರಾವಳಿಯ ತೇವದ ಗಾಳಿ ಒಳಗೆ ಉಳಿದರೆ ಗ್ಯಾಸನ್ನು ಕಿರಿದಾದ ದಾರಿಯಲ್ಲಿ ಬಿಟ್ಟು ತಣ್ಣಗಾಗಿಸುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆ ಕಟ್ಟಬಹುದು, ಆಮ್ಲ ಹುಟ್ಟಿ ಲೋಹವೂ ಸವೆಯಬಹುದು. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಚೀಟಿಯಲ್ಲಿರುವಷ್ಟೇ ಗ್ರಾಂ ತುಂಬಿಸಬೇಕು. ಒತ್ತಡ ತೋರಿಸುವ ಗೇಜಿನ ಮುಳ್ಳನ್ನಷ್ಟೇ ನಂಬಿ ‘ಇನ್ನೂ ಸ್ವಲ್ಪ ಇರಲಿ’ ಎಂದು ಹೆಚ್ಚು ಹಾಕಿದರೆ ತಂಪು ಹೆಚ್ಚುವ ಬದಲು ತಗ್ಗುತ್ತದೆ.