ಸಕ್ಕರೆಯಿಲ್ಲದ ನಿಂಬೆ ಸಿರಪ್: ಸಿಹಿಕಾರಕ ಬದಲಿಸಿ ಸೋತೆ, ಸಿಹಿಯನ್ನೇ ಇಳಿಸಿ ಗೆದ್ದೆ

ಸಕ್ಕರೆಯಿಲ್ಲದ ಸಿರಪ್ ಮಾಡುವವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ: ಯಾವ ಸಿಹಿಕಾರಕ ಸುರಕ್ಷಿತ? ಆಸ್ಪರ್ಟೇಮ್ ಬಗ್ಗೆ ಸುದ್ದಿ ಬಂದರೆ ಸುಕ್ರಲೋಸ್‌ಗೆ ಹಾರುವುದು, ಸುಕ್ರಲೋಸ್ ಬಗ್ಗೆ ಬಂದರೆ ಸ್ಟೀವಿಯಾಕ್ಕೆ, ಅಲ್ಲಿಂದ ಎರಿಥ್ರಿಟಾಲ್‌ಗೆ. ನಾನೂ ಹೀಗೆ ಹಾರಿ ಹಾರಿ ಸುಮಾರು 40 ಬ್ಯಾಚ್ ಮಾಡಿದೆ, ಅವುಗಳಲ್ಲಿ ಹನ್ನೆರಡೋ ಹದಿಮೂರೋ ಚರಂಡಿಗೆ ಹೋದವು. ಕೊನೆಗೆ ಕೈಹಿಡಿದದ್ದು ಬೇರೆ ದಾರಿ. ಎರಡು ಸಿಹಿಕಾರಕಗಳನ್ನು ಬೆರೆಸಿ, ಒಟ್ಟು ಸಿಹಿಯನ್ನೇ ಶೇ 40ರಷ್ಟು ಇಳಿಸಿದೆ. "ಸಿಹಿ ಕಮ್ಮಿ ಮಾಡಿದರೆ ಒಂದೇ ವಾರದಲ್ಲಿ ಬಾಟಲಿ ವಾಪಸ್ ಬರುತ್ತವೆ" ಎಂದವರೇ ಹೆಚ್ಚು. ಒಂದೂ ಬರಲಿಲ್ಲ.

ಮೊದಲು ಲೆಕ್ಕ. ಒಂದು ಪಾಲು ಸಿರಪ್‌ಗೆ ಐದು ಪಾಲು ನೀರು, 200 ಮಿಲಿಲೀಟರ್ ಲೋಟ. ಮಾಮೂಲಿ ಸಿಹಿ ಎಂದರೆ ಶೇ 10 ಸಕ್ಕರೆಗೆ ಸಮ, ಅಂದರೆ ಲೋಟಕ್ಕೆ 20 ಗ್ರಾಂ ಸಕ್ಕರೆ. ಇದನ್ನು ಸುಕ್ರಲೋಸ್ ಒಂದರಿಂದಲೇ ತರಲು ಕುಡಿಯುವ ಪಾನೀಯದಲ್ಲಿ ಲೀಟರಿಗೆ ಸುಮಾರು 220 ಮಿಲಿಗ್ರಾಂ ಬೇಕಾಯಿತು, ಅಂದರೆ ಲೋಟಕ್ಕೆ 44. ಸುಕ್ರಲೋಸ್ ಸಕ್ಕರೆಗಿಂತ 600 ಪಟ್ಟು ಸಿಹಿ ಎಂಬ ಮಾತನ್ನು ನಂಬಿ ಭಾಗಾಕಾರ ಮಾಡಿದರೆ 33 ಬರುತ್ತದೆ, ಆದರೆ ಅಷ್ಟು ಹಾಕಿದರೆ ಸಿಹಿ ಸಾಲುವುದಿಲ್ಲ. ಈ ಪಟ್ಟು ತೆಳು ದ್ರಾವಣದ್ದು. ಸಾಂದ್ರತೆ ಏರಿದ ಹಾಗೆ ಪ್ರತಿ ಮಿಲಿಗ್ರಾಂ ಕೊಡುವ ಸಿಹಿ ಕುಗ್ಗುತ್ತ ಹೋಗುತ್ತದೆ. ಈ ಒಂದು ಗುಣವೇ ಮುಂದೆ ನನ್ನ ಕೈ ಹಿಡಿಯಿತು.

ದಿನದ ಮಿತಿಯನ್ನು ದೇಹದ ತೂಕದ ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿಯ ಪ್ರಕಾರ ಆಸ್ಪರ್ಟೇಮ್‌ಗೆ 40, ಸುಕ್ರಲೋಸ್‌ಗೆ 15, ಏಸಲ್ಫೇಮ್-ಕೆಗೆ (ಚಿಕ್ಕದಾಗಿ ಏಸ್-ಕೆ) 15, ಸ್ಯಾಕರಿನ್‌ಗೆ 5. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಕ್ರಲೋಸ್‌ಗೆ 5 ಎನ್ನುತ್ತದೆ. ಎರಡು ಅಂಕಿ ಇದ್ದಲ್ಲಿ ನಾನು ಚಿಕ್ಕದನ್ನೇ ಹಿಡಿಯುತ್ತೇನೆ. ಎಲ್ಲರೂ ಲೆಕ್ಕ ಹಾಕುವುದು 60–70 ಕಿಲೋ ತೂಕದ ದೊಡ್ಡವರಿಗೆ. ಆದರೆ ಸಿರಪ್ ಬಾಟಲಿ ಖಾಲಿ ಮಾಡುವುದು ಮಕ್ಕಳು. 20 ಕಿಲೋ ತೂಕದ ಮಗುವಿಗೆ ಸುಕ್ರಲೋಸ್ ಮಿತಿ 100 ಮಿಲಿಗ್ರಾಂ. ಎರಡು ಲೋಟಕ್ಕೆ 88 ಆಯಿತು, ಮೂರನೆಯದಕ್ಕೆ ಮಿತಿ ದಾಟಿತು. ಸ್ಯಾಕರಿನ್ ಆದರೆ ಇನ್ನೂ ಕಷ್ಟ: ಲೋಟಕ್ಕೆ 60ರ ಆಸುಪಾಸು ಬೇಕು, ಎರಡನೆಯ ಲೋಟಕ್ಕೇ ಕಥೆ ಮುಗಿಯಿತು. ಈ ಮಿತಿಗಳನ್ನು ಪ್ರಾಣಿಗಳಲ್ಲಿ ತೊಂದರೆ ಕಾಣದ ಪ್ರಮಾಣದ ನೂರನೇ ಒಂದು ಪಾಲಿನಷ್ಟು ಇಟ್ಟಿರುವುದು ವಾಡಿಕೆ, ಹಾಗಾಗಿ ಒಂದು ದಿನ ದಾಟಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೂ ಮೂರು ಲೋಟಕ್ಕೆ ಮಿತಿ ಮೀರುವ ಪಾಕವನ್ನು ಮಾರಲು ನನಗೆ ಮನಸ್ಸಾಗಲಿಲ್ಲ.

ಸುದ್ದಿಗಳ ಬಗ್ಗೆ ಎರಡು ಮಾತು. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಆಸ್ಪರ್ಟೇಮನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ, ಪುರಾವೆ ಸೀಮಿತ ಎಂಬ ಗುಂಪು ಅದು. ಎಷ್ಟು ತಿಂದರೆ ಅಪಾಯ ಎಂದು ಅದು ಹೇಳುವುದೇ ಇಲ್ಲ. ಅದೇ ಹೊತ್ತಿಗೆ ಜಂಟಿ ಸಮಿತಿ 40ರ ಮಿತಿಯನ್ನು ಬದಲಿಸದೆ ಉಳಿಸಿತು. ಒಂದು ಕ್ಯಾನ್‌ನಲ್ಲಿ 200–300 ಮಿಲಿಗ್ರಾಂ ಇದ್ದರೆ 70 ಕಿಲೋ ತೂಕದವರು ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಕುಡಿಯಬೇಕು ಎಂಬ ಲೆಕ್ಕವನ್ನೂ ಕೊಟ್ಟರು. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇದಲ್ಲ, 2022ರ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಪ್ರಯೋಗ. 120 ಆರೋಗ್ಯವಂತರನ್ನು ಗುಂಪು ಮಾಡಿ, ಕೆಲವು ಗುಂಪುಗಳಿಗೆ ಎರಡು ವಾರ ದಿನದ ಮಿತಿಗಿಂತ ಕಡಿಮೆ ಪ್ರಮಾಣದಲ್ಲೇ ಸಿಹಿಕಾರಕ ಕೊಟ್ಟರೂ ಸ್ಯಾಕರಿನ್, ಸುಕ್ರಲೋಸ್ ಗುಂಪುಗಳಲ್ಲಿ ರಕ್ತದ ಸಕ್ಕರೆಯ ಏರಿಳಿತ ಬದಲಾಯಿತು, ಕರುಳಿನ ಸೂಕ್ಷ್ಮಜೀವಿಗಳೂ ಬದಲಾದವು. ಎಲ್ಲರಲ್ಲೂ ಒಂದೇ ತೆರನಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಇಂಥ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮಾಡುವವನ ಕೈಯಲ್ಲಿರುವುದು ಪ್ರಮಾಣ ಇಳಿಸುವುದೊಂದೇ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದಿತು. ಅದು ಷರತ್ತಿನ ಶಿಫಾರಸು, ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ. ನನ್ನ ಸಿರಪ್ ಕೊಳ್ಳುವವರಲ್ಲಿ ಹೆಚ್ಚಿನವರು ಮಧುಮೇಹಿಗಳೇ. ಲೇಬಲ್ ಮೇಲೆ "ತೂಕ ಇಳಿಸುತ್ತದೆ" ಎಂಬ ಮಾತನ್ನು ನಾನು ಹಾಕಿಲ್ಲ, ಹಾಕುವವರನ್ನು ಒಪ್ಪುವುದೂ ಇಲ್ಲ.

ಇನ್ನು ಎಡವಿದ್ದು. ಆಸ್ಪರ್ಟೇಮ್ ರುಚಿಯಲ್ಲಿ ಸಕ್ಕರೆಗೆ ತೀರ ಹತ್ತಿರ. ಆದರೆ ಅದು ಗಟ್ಟಿಯಾಗಿ ನಿಲ್ಲುವುದು 4.3ರ ಆಸುಪಾಸಿನ ಪಿಎಚ್‌ನಲ್ಲಿ (ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ನಿಂಬೆ ಸಿರಪ್ ಇರುವುದು 3ಕ್ಕೂ ಕೆಳಗೆ. ಸೆಕೆಯ ಕೋಣೆಯಲ್ಲಿ ಆರೇಳು ವಾರ ಇಟ್ಟ ಬಾಟಲಿಯಲ್ಲಿ ಹುಳಿ ಹಾಗೇ ಇತ್ತು, ಸಿಹಿ ಸೋರಿಹೋಗಿತ್ತು. ಒಡೆದು ಹೋದದ್ದರಿಂದ ಕೆಟ್ಟ ವಾಸನೆಯೇನೂ ಬರುವುದಿಲ್ಲ, ಹಾಗಾಗಿ ಕುಡಿಯುವವರೆಗೆ ಗೊತ್ತಾಗುವುದಿಲ್ಲ. ಜೊತೆಗೆ ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆ ಇರುವವರಿಗೆ ಎಚ್ಚರಿಕೆ ಕಡ್ಡಾಯವಾಗಿ ಬರೆಯಬೇಕು, ಅವರ ದೇಹ ಅರಗಿಸಲಾರದ ಫೀನೈಲ್‌ಅಲನಿನ್ ಆಸ್ಪರ್ಟೇಮ್‌ನಲ್ಲಿದೆ. ಬಿಟ್ಟೆ.

ಸ್ಟೀವಿಯಾ ಒಂದನ್ನೇ ಬಳಸಿದರೆ ಶೇ 6–7ರ ಸಿಹಿಯವರೆಗೆ ಸೈ. ಅದರ ಮೇಲೆ ಎಷ್ಟು ಸುರಿದರೂ ಸಿಹಿ ಏರುವುದಿಲ್ಲ, ಜೇಷ್ಠಮಧುವಿನಂಥ ಕಹಿ ಮಾತ್ರ ಏರುತ್ತದೆ. ಎರಿಥ್ರಿಟಾಲ್ ಬೆರೆಸಿ ಮುಚ್ಚೋಣ ಎಂದು ಹೊರಟೆ. ಸಿರಪ್‌ನಲ್ಲಿ ಲೀಟರಿಗೆ 450 ಗ್ರಾಂ ಕರಗಿಸಿದ್ದೆ, ಬಿಸಿಯಲ್ಲಿ ಸಲೀಸಾಗಿ ಕರಗಿತು. ಫ್ರಿಜ್‌ನಲ್ಲಿ ಎರಡನೆಯ ದಿನ ಬಾಟಲಿಯ ತಳದಲ್ಲಿ ಗಾಜಿನ ಚೂರಿನಂಥ ಹರಳು, ಮೂರನೆಯ ದಿನ ಕುತ್ತಿಗೆಯಲ್ಲಿ ಬಿರಡೆ ಹಾಕಿದಂತೆ ಕಟ್ಟಿಕೊಂಡಿತ್ತು. ಕೋಣೆಯ ಉಷ್ಣತೆಯಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕರಗುವ ವಸ್ತು, ತಣ್ಣಗಾದರೆ ಕೈ ಕೊಡುತ್ತದೆ. ದುಡ್ಡಿನ ಲೆಕ್ಕದಲ್ಲೂ ಅದೇ ದುಬಾರಿ: ಅಷ್ಟೇ ಸಿಹಿಗೆ ಸಕ್ಕರೆಯ ಖರ್ಚು 100 ಎಂದಿಟ್ಟರೆ ಎರಿಥ್ರಿಟಾಲ್ 500 ದಾಟಿತು, ಸುಕ್ರಲೋಸ್ ಮತ್ತು ಏಸ್-ಕೆ ಮಿಶ್ರಣ 15ರ ಒಳಗೆ ನಿಂತಿತು. 2023ರಲ್ಲಿ ರಕ್ತದಲ್ಲಿನ ಎರಿಥ್ರಿಟಾಲ್‌ಗೂ ಹೃದಯಾಘಾತಕ್ಕೂ ನಂಟು ಕಂಡಿದೆ ಎಂಬ ಅಧ್ಯಯನ ಬಂದಾಗ ಬಹಳ ಜನ ಕೇಳಿದರು. ನಮ್ಮ ದೇಹವೂ ಸಕ್ಕರೆಯಿಂದ ಎರಿಥ್ರಿಟಾಲ್ ತಯಾರಿಸುತ್ತದೆ, ಆದ್ದರಿಂದ ರಕ್ತದಲ್ಲಿ ಕಂಡದ್ದೆಲ್ಲ ಬಾಟಲಿಯಿಂದಲೇ ಬಂತು ಎನ್ನಲಾಗದು. ನಾನು ಅಷ್ಟರಲ್ಲಾಗಲೇ ಹರಳಿನ ಕಾಟಕ್ಕೆ ಬಿಟ್ಟಿದ್ದೆ.

ಮಿಶ್ರಣದ ವಿಷಯ ಬಂದಾಗ "ಒಂದು ವಿಷ ಸಾಲದೆಂದು ಎರಡು ಹಾಕುತ್ತೀರಾ" ಎಂಬ ಮಾತು ಕೇಳಿದೆ. ಸುಕ್ರಲೋಸ್‌ನ ಬಹುಪಾಲು ಕರುಳಿನಲ್ಲಿ ಹೀರಿಕೊಳ್ಳದೆ ಹಾಗೇ ಹೊರಬೀಳುತ್ತದೆ. ಏಸ್-ಕೆ ಹೀರಿಕೊಂಡರೂ ಮಾರ್ಪಾಡಾಗದೆ ಮೂತ್ರದಲ್ಲಿ ಹೋಗುತ್ತದೆ. ದಾರಿ ಬೇರೆ, ಮಿತಿಯೂ ಬೇರೆ ಬೇರೆ. ಎರಡಕ್ಕೂ ಹಂಚಿದರೆ ಯಾವುದೂ ತನ್ನ ಮಿತಿಯ ಹತ್ತಿರ ಸುಳಿಯುವುದಿಲ್ಲ. ರುಚಿಯಲ್ಲೂ ಲಾಭವಿದೆ: ಏಸ್-ಕೆ ಸಿಹಿ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ, ಕೊನೆಯಲ್ಲಿ ಲೋಹದಂಥ ಕಹಿ. ಸುಕ್ರಲೋಸ್ ತಡವಾಗಿ ಬಂದು ನಾಲಿಗೆಗೆ ಅಂಟುತ್ತದೆ. ಎರಡೂ ಸೇರಿದರೆ ಒಂದರ ಗುಂಡಿಯನ್ನು ಇನ್ನೊಂದು ತುಂಬುತ್ತದೆ.

ಅಳತೆಯಲ್ಲಿ ಆಗುವ ಎಡವಟ್ಟೇ ಹೆಚ್ಚು. ಸಣ್ಣ ಪ್ರಯೋಗಕ್ಕೆ ಪುಡಿ ತೂಗಲೇಬೇಡಿ. 1 ಗ್ರಾಂ ಪುಡಿಗೆ ನೀರು ಸೇರಿಸಿ 100 ಮಿಲಿಲೀಟರ್ ಮಾಡಿ. ಪ್ರತಿ ಮಿಲಿಲೀಟರ್‌ಗೆ 10 ಮಿಲಿಗ್ರಾಂ ಆಯಿತು. ಸೂಜಿಯಿಲ್ಲದ ಸಿರಿಂಜಿನಿಂದ 5 ಮಿಲಿ ಹಾಕಿದರೆ 50 ಮಿಲಿಗ್ರಾಂ. ಫ್ರಿಜ್‌ನಲ್ಲಿಟ್ಟು ವಾರಕ್ಕೊಮ್ಮೆ ಚೆಲ್ಲಿ ಹೊಸದು ಮಾಡಿ. ದೊಡ್ಡ ಬ್ಯಾಚ್‌ಗೆ ತೂಗುವಾಗ ಫ್ಯಾನ್ ಆರಿಸಿ. ಸುಕ್ರಲೋಸ್ ಪುಡಿ ಕಣ್ಣಿಗೆ ಕಾಣದಂತೆ ಹಾರುತ್ತದೆ; ತೂಗುತ್ತಿರುವಾಗಲೇ ತುಟಿ ಸವರಿ ನೋಡಿ, ಸಿಹಿ ಹತ್ತಿದರೆ ಪುಡಿ ಹಾರಿದೆ ಎಂದೇ ಅರ್ಥ, ಆ ತೂಕ ನಂಬಬೇಡಿ. ಅದೇ ಕೈಯಲ್ಲಿ ರುಚಿ ನೋಡುವ ಲೋಟ ಮುಟ್ಟಿದರೆ ಆ ದಿನದ ಪರೀಕ್ಷೆಯೂ ಹಾಳು.

ಸಿರಪ್‌ನಲ್ಲಿ ಸಕ್ಕರೆ ಅಳೆಯಲು ಬಳಸುವ ಬ್ರಿಕ್ಸ್ ಮೀಟರ್ ಇಲ್ಲಿ ಕುರುಡು. ಅದು ಕರಗಿದ ಒಟ್ಟು ವಸ್ತುವನ್ನು ನೋಡುತ್ತದೆ, ಲೀಟರಿಗೆ ನೂರಿಪ್ಪತ್ತು ಮಿಲಿಗ್ರಾಂ ಅದರ ಕಣ್ಣಿಗೆ ಬೀಳದು. ಏಸ್-ಕೆ ಎರಡು ಸಲ ಬಿದ್ದ 10 ಲೀಟರ್ ಬ್ಯಾಚ್ ಮೀಟರಿನಲ್ಲಿ ಸರಿಯಾಗೇ ತೋರಿತು, ಬಾಯಲ್ಲಿ ಬೇವು. ಅಂದಿನಿಂದ ಎರಡನ್ನೂ ಮೊದಲೇ ತೂಗಿ ಬೇರೆ ಬೇರೆ ಬಣ್ಣದ ಪೊಟ್ಟಣದಲ್ಲಿ ಇಡುತ್ತೇನೆ. ಬ್ಯಾಚ್ ಮುಗಿಯುವಾಗ ಖಾಲಿ ಪೊಟ್ಟಣಗಳೇ ಲೆಕ್ಕ. ಪುಡಿಯನ್ನು ನೇರ ಸುರಿಯದೆ 200 ಮಿಲಿ ನೀರಿನಲ್ಲಿ ಕರಗಿಸಿ ಸೇರಿಸುವುದು.

ಈಗ ಸಿಹಿ ಇಳಿಸಿದ ಬಗೆ. ಶೇ 10ರಿಂದ ಹೊರಟು ಪ್ರತಿ ಹಂತಕ್ಕೆ ಅರ್ಧ ಅಂಶ. ಹಂತಕ್ಕೆ ಎರಡು ಮೂರು ವಾರ. ಪ್ರತಿ ಹಂತದಲ್ಲೂ ಮೂರು ಲೋಟದ ಪರೀಕ್ಷೆ: ಎರಡರಲ್ಲಿ ಒಂದೇ ಪಾಕ, ಒಂದರಲ್ಲಿ ಬೇರೆ, ಬೇರೆಯದನ್ನು ಗುರುತಿಸಬೇಕು. 12 ಜನರಲ್ಲಿ ನಾಲ್ವರು ಬರೀ ಊಹೆಯಿಂದಲೇ ಸರಿ ಹೇಳುತ್ತಾರೆ. ಎಂಟು ಜನ ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತಿದೆ ಎಂದು ಲೆಕ್ಕ. 10ರಿಂದ 7ರವರೆಗೆ ನನಗೆ ಬಂದದ್ದು ನಾಲ್ಕು, ಐದು, ಒಮ್ಮೆ ಆರು. 6.5ರಿಂದ 6ಕ್ಕೆ ಇಳಿಸಿದಾಗ ಒಂಬತ್ತು ಜನ ಹಿಡಿದರು. ಕಾರಣ ಸರಳ: ಹತ್ತರಲ್ಲಿ ಅರ್ಧ ಎಂದರೆ ನೂರಕ್ಕೆ ಐದು, ಆರೂವರೆಯಲ್ಲಿ ಅರ್ಧ ಎಂದರೆ ಎಂಟು ಹತ್ತಿರ. ನಾಲಿಗೆ ಅಳೆಯುವುದು ಅನುಪಾತವನ್ನು. ಏಳಕ್ಕಿಂತ ಕೆಳಗೆ ಕಾಲು ಅಂಶದ ಹೆಜ್ಜೆ ಇಟ್ಟ ಮೇಲೆ ಮತ್ತೆ ಐದಕ್ಕೆ ಬಂತು.

ಸಿಹಿ ಇಳಿಸಿ ಹುಳಿಯನ್ನು ಹಾಗೇ ಬಿಟ್ಟರೆ ಎಲ್ಲರೂ ಹೇಳುವುದು "ಸಿಹಿ ಕಮ್ಮಿ" ಅಂತಲ್ಲ, "ಹುಳಿ ಜಾಸ್ತಿ" ಅಂತ. ಸಿಟ್ರಿಕ್ ಆಮ್ಲವನ್ನೂ ಇಳಿಸಬೇಕು, ಆದರೆ ಸಿಹಿಯಷ್ಟೇ ವೇಗದಲ್ಲಿ ಅಲ್ಲ. ಆ ಅನುಪಾತಕ್ಕೆ ನನ್ನ ಏಳೆಂಟು ಬ್ಯಾಚ್ ಖರ್ಚಾಗಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಂಬೆ ಸಿಪ್ಪೆಯ ಎಣ್ಣೆಯನ್ನು ಯಾವ ಹೊತ್ತಿಗೆ ಹಾಕಬೇಕು ಎಂಬುದೂ ನನ್ನಲ್ಲೇ ಇರಲಿ. ಚಿಟಿಕೆ ಉಪ್ಪು ಏಸ್-ಕೆಯ ಕಹಿಯನ್ನು ಅಡಗಿಸುತ್ತದೆ ಎಂಬುದು ಗುಟ್ಟೇನಲ್ಲ: ಪಾನೀಯದಲ್ಲಿ ಲೀಟರಿಗೆ 150 ಮಿಲಿಗ್ರಾಂನಷ್ಟು, ಉಪ್ಪಿನ ರುಚಿ ಬರಬಾರದು.

ಈಗಿನ ಪಾಕ ಶೇ 6ರ ಸಿಹಿಯದು. ಪಾನೀಯದ ಲೀಟರಿಗೆ ಸುಕ್ರಲೋಸ್ 50, ಏಸ್-ಕೆ 70 ಮಿಲಿಗ್ರಾಂ. 10 ಲೀಟರ್ ಸಿರಪ್‌ಗೆ ಆರು ಪಟ್ಟು ಲೆಕ್ಕದಲ್ಲಿ 3 ಗ್ರಾಂ ಮತ್ತು 4.2 ಗ್ರಾಂ. ಲೋಟಕ್ಕೆ 10 ಮತ್ತು 14. ಇದೇ ಜೋಡಿಯಲ್ಲಿ ಶೇ 10ರ ಸಿಹಿಗೆ ಒಟ್ಟು 280ರ ಹತ್ತಿರ ಹಾಕಬೇಕಿತ್ತು, ಈಗ 120. ಸಿಹಿ ಇಳಿದದ್ದು ನೂರಕ್ಕೆ 40, ಪುಡಿ ಇಳಿದದ್ದು 57. ಮೊದಲು ಹೇಳಿದೆನಲ್ಲ, ತೆಳುವಾದಷ್ಟೂ ಪ್ರತಿ ಮಿಲಿಗ್ರಾಂ ಹೆಚ್ಚು ಸಿಹಿ ಕೊಡುತ್ತದೆ, ಅದರ ಫಲ ಇದು. 20 ಕಿಲೋ ತೂಕದ ಮಗು ಮೂರು ಲೋಟ ಕುಡಿದರೂ ಸುಕ್ರಲೋಸ್ 30, ಕಟ್ಟುನಿಟ್ಟಿನ ಮಿತಿಯ ಮೂರನೇ ಒಂದು ಪಾಲಿಗಿಂತ ಕಡಿಮೆ. ಏಸ್-ಕೆ 42, ಮಿತಿ 300.

ಸಕ್ಕರೆ ತೆಗೆದವರು ಮರೆಯುವುದು ಕೆಡುವಿಕೆಯನ್ನು. ಶೇ 65ಕ್ಕೂ ಹೆಚ್ಚು ಸಕ್ಕರೆಯ ಸಿರಪ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಸಕ್ಕರೆಯಿಲ್ಲದ್ದು ಬರೀ ಹುಳಿ ನೀರು, ಹತ್ತು ದಿನದಲ್ಲಿ ಬಾಟಲಿ ಕುತ್ತಿಗೆಗೆ ಬೂಷ್ಟಿನ ಉಂಗುರ. ಕೆಡದಂತೆ ಕಾಯಲು ಬೆಂಜೋಯೇಟ್ ಅಗ್ಗ, ಆದರೆ ನಿಂಬೆಯ ವಿಟಮಿನ್ ಸಿ ಜೊತೆ ಸೇರಿ ಕ್ಯಾನ್ಸರ್ ತರುವ ಬೆಂಜೀನ್ ಹುಟ್ಟುವ ಸಾಧ್ಯತೆ ಇದೆ. ಸಿಹಿಕಾರಕಕ್ಕೆ ಹೆದರಿ ಬೆಂಜೀನ್ ಕುಡಿಸುವುದು ಯಾವ ನ್ಯಾಯ? ಪೊಟ್ಯಾಸಿಯಂ ಸಾರ್ಬೇಟ್ ಸಿರಪ್‌ಗೆ ಲೀಟರಿಗೆ 1 ಗ್ರಾಂ ಒಳಗೆ, ನಿಮಗೆ ಅನ್ವಯಿಸುವ ನಿಯಮದ ಮಿತಿ ಇನ್ನೂ ಕಡಿಮೆಯಿದ್ದರೆ ಅಷ್ಟಕ್ಕೆ. ಅದನ್ನು ಮೊದಲು ನೀರಿನಲ್ಲಿ ಕರಗಿಸಿ, ಹುಳಿ ಆಮೇಲೆ ಹಾಕಿ. ಹುಳಿಗೇ ನೇರ ಸುರಿದರೆ ಸಾರ್ಬಿಕ್ ಆಮ್ಲ ಬಿಳಿ ಪೊರೆಯಾಗಿ ಮೇಲೆ ತೇಲುತ್ತದೆ, ಕೆಲಸಕ್ಕೂ ಬಾರದು. 85 ಡಿಗ್ರಿಯಲ್ಲಿ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ ಮಗುಚಿ ಎರಡು ನಿಮಿಷ ಇಡುವುದು. ಈ ಬಿಸಿಗೆ ಎರಡೂ ಸಿಹಿಕಾರಕ ಜಗ್ಗುವುದಿಲ್ಲ. ಒಲೆಯಲ್ಲಿ ಬೇಯಿಸುವ ತಿನಿಸಿಗೆ ಮಾತ್ರ ನಾನು ಸುಕ್ರಲೋಸ್ ಕೊಡುವುದಿಲ್ಲ: 120 ಡಿಗ್ರಿ ದಾಟಿದರೆ ಕ್ಲೋರಿನ್ ಇರುವ ಹಾನಿಕರ ಸಂಯುಕ್ತಗಳು ಹುಟ್ಟಬಹುದು ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ.

ನೀರುನೀರು ಎನಿಸದಿರಲು ಸಿರಪ್‌ಗೆ ಲೀಟರಿಗೆ ಒಂದೂವರೆ ಗ್ರಾಂ ಜಾಂತಾನ್ ಗಮ್. ಬರೀ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟು ಕಟ್ಟುತ್ತದೆ. ಒಂದು ಚಮಚ ಗ್ಲಿಸರಿನ್‌ನಲ್ಲಿ ಕಲಸಿ ಸೇರಿಸಿ, ರಾತ್ರಿಯಿಡೀ ಬಿಟ್ಟರೆ ಗುಳ್ಳೆ ಇಳಿಯುತ್ತದೆ.

ನಡುವೆ ಒಂದು ಪ್ರಯೋಗ: ಗಮ್ ಬಿಟ್ಟು, ಸಿಹಿಯ ಮೂರನೇ ಒಂದು ಪಾಲನ್ನು ನಿಜವಾದ ಸಕ್ಕರೆಯಿಂದಲೇ ತಂದೆ, ಲೋಟಕ್ಕೆ 4 ಗ್ರಾಂ. ರುಚಿಯಲ್ಲಿ ಇದಕ್ಕೆ ಸಾಟಿಯಿಲ್ಲ, ಸಿಹಿ ನಾಲಿಗೆಗೆ ಅಂಟುವುದು ಪೂರ್ತಿ ನಿಂತಿತು, 16 ಕ್ಯಾಲರಿ ಸೇರಿತು. ಆದರೆ ಲೇಬಲ್ ಮೇಲೆ ಸಕ್ಕರೆಯಿಲ್ಲ ಎಂದು ಬರೆಯಲಾಗದು. ಮಧುಮೇಹವಿಲ್ಲದ ಮನೆಗಳಿಗೆ ಅದನ್ನೇ ಬೇರೆ ಬಾಟಲಿಯಲ್ಲಿ ಕೊಡುತ್ತಿದ್ದೇನೆ. ಈಗ 5.75ರ ಬ್ಯಾಚ್ ತಣಿಯಲು ಇಟ್ಟಿದೆ, ಮೂರು ಲೋಟದ ಪರೀಕ್ಷೆ ಬಾಕಿ.