ಎಡಬಲ ತಿರುಗಿದ ಕೋಟು

ಮರದ ಹಲಗೆಯನ್ನು ಕೊರೆದು ಅಚ್ಚುಚಿತ್ರ ತೆಗೆಯುವುದು ನನ್ನ ಕೆಲಸ. ಅಪ್ಪ ತೀರಿಕೊಂಡ ಮರುವರ್ಷ ಅವರ ಕೊನೆಯ ದಿನಗಳ ಬಗ್ಗೆ ಒಂದು ಚಿತ್ರಸರಣಿ ಶುರುಮಾಡಿದೆ. ಅವರ ನೆನಪುಗಳು ಒಂದೊಂದಾಗಿ ಕಳಚಿಹೋಗಿದ್ದವು, ಕಡೆಗೆ ನನ್ನ ಹೆಸರೂ ಹೋಗಿತ್ತು. ಆ ಸರಣಿಯನ್ನು ನಾನು ಮೂರು ಬಾರಿ ಮಾಡಬೇಕಾಯಿತು. ದೊಡ್ಡ ಕಲೆ ಜನಸಾಮಾನ್ಯರಿಗೆ ಅರ್ಥವಾಗಲೇಬೇಕೆ ಎಂದು ಯಾರಾದರೂ ಕೇಳಿದರೆ, ನಾನು ಹೇಳಬಹುದಾದದ್ದೆಲ್ಲ ಆ ಮೂರು ಬಾರಿಯ ಕೆಲಸದಲ್ಲಿ ಸಿಕ್ಕಿದ್ದು.

ಮೊದಲ ಸಲ ಮಾಡಿದ್ದು ಹನ್ನೆರಡು ಕಪ್ಪು ಹಾಳೆಗಳು, ಅವುಗಳ ಮೇಲೆ ಕೆಲವೇ ಬಿಳಿ ಗೀರುಗಳು. ಹಾಳೆಯಿಂದ ಹಾಳೆಗೆ ಗೀರುಗಳು ಕಡಿಮೆಯಾಗುತ್ತಿದ್ದವು. ನನಗೆ ಅದು ಅಪ್ಪನ ಮನಸ್ಸಿನ ನಕ್ಷೆ. ಸಹಕಲಾವಿದರು ಮೆಚ್ಚಿದರು. ಪ್ರದರ್ಶನದ ಐದು ದಿನವೂ ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ಬಂದವರನ್ನೇ ಗಮನಿಸಿದೆ. ಬಹುತೇಕರು ಚಿತ್ರಕ್ಕಿಂತ ಹೆಚ್ಚು ಹೊತ್ತು ಅದರ ಕೆಳಗಿದ್ದ ವಿವರಣೆಯ ಚೀಟಿಯನ್ನು ನೋಡಿದರು. ಚೀಟಿ ಓದಿ, ಚಿತ್ರದ ಕಡೆ ಒಮ್ಮೆ ಕಣ್ಣೆತ್ತಿ, ಮುಂದಿನ ಚೀಟಿಗೆ ಹೋಗುತ್ತಿದ್ದರು. ಅವರಿಗೆ ಅರ್ಥವಾಗಲಿಲ್ಲವೆಂದು ನಾನು ನೊಂದುಕೊಳ್ಳಲಿಲ್ಲ. ಕಬ್ಬಿಣದ ಕಡಲೆಯಾಗಿರುವುದೇ ಆಳದ ಗುರುತು ಎಂದು ಆಗ ನಂಬಿದ್ದೆ.

ಆ ದಿನಗಳಲ್ಲೇ ಟಾಲ್‌ಸ್ಟಾಯ್ 1898ರಲ್ಲಿ ಪ್ರಕಟಿಸಿದ ‘ಕಲೆ ಎಂದರೇನು?’ ನನ್ನ ಕೈಗೆ ಬಂತು. ಒಳ್ಳೆಯ ಕಲೆ ಎಲ್ಲರಿಗೂ ಮುಟ್ಟುತ್ತದೆ, ಬಹುಜನರಿಗೆ ಮುಟ್ಟದಿದ್ದರೆ ತಪ್ಪು ಜನರದಲ್ಲ ಎಂಬುದು ಅವನ ವಾದ. ಆ ಅಳತೆಗೋಲಿನಿಂದ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನೇ ಅವನು ತಳ್ಳಿಹಾಕಿದ. ತನ್ನ ದೊಡ್ಡ ಕಾದಂಬರಿಗಳನ್ನೂ ಬಿಡಲಿಲ್ಲ, ಎರಡು ಸಣ್ಣ ಕಥೆಗಳನ್ನು ಮಾತ್ರ ಉಳಿಸಿಕೊಂಡ. ಓದಿ ಸಿಟ್ಟು ಬಂತು. ಆದರೆ ತನ್ನ ಬರಹವನ್ನೇ ತಕ್ಕಡಿಗಿಟ್ಟ ಮನುಷ್ಯನ ಮಾತನ್ನು ಸುಮ್ಮನೆ ಕೊಡವಿಕೊಳ್ಳಲು ಆಗಲಿಲ್ಲ. ನಮ್ಮ ಕಾವ್ಯಮೀಮಾಂಸೆ ಹೇಳುವುದು ಬೇರೆ: ಅಭಿನವಗುಪ್ತನ ಪ್ರಕಾರ, ಕಾವ್ಯವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡವನೇ ಸಹೃದಯ, ಅಂದರೆ ನಿಜವಾದ ರಸಿಕ. ಹಾಗಾದರೆ ನೋಡುವವನಿಗೂ ಅಭ್ಯಾಸ ಬೇಕು. ಈ ಮಾತು ನನಗೆ ಹಿಡಿಸಿತು; ಹಿಡಿಸಿದ್ದು ನನ್ನ ಅನುಕೂಲಕ್ಕೆ ಎಂಬುದೂ ಗೊತ್ತಿತ್ತು. ದಿನವಿಡೀ ದುಡಿದು ಬರುವವರಿಗೆ ಆ ಅಭ್ಯಾಸಕ್ಕೆ ಬಿಡುವು ಕೊಟ್ಟವರು ಯಾರು?

ಎರಡನೆಯ ಸಲ ನಾನು ಟಾಲ್‌ಸ್ಟಾಯ್‌ಗೆ ಶರಣಾದೆ. ಖಾಲಿ ಕುರ್ಚಿ, ಮಡಚಿಟ್ಟ ಕನ್ನಡಕ, ಕಿಟಕಿಯಿಂದ ಬೀಳುವ ಬೆಳಕು. ಎಲ್ಲರಿಗೂ ಅರ್ಥವಾಯಿತು. “ಅಯ್ಯೋ ಪಾಪ” ಎಂದು ಮುಂದೆ ಹೋದರು. ಅದಕ್ಕೆ ಬೇಕಾದದ್ದು ಮೂರೇ ಮೂರು ಕ್ಷಣ. ಕುರ್ಚಿ ಖಾಲಿ, ಹಾಗಾದರೆ ಯಾರೋ ಇಲ್ಲ: ಲೆಕ್ಕ ಮುಗಿಯಿತು. ಮೊದಲ ಸರಣಿ ಸೋತಾಗ ಆಗದ ನೋವು ಈಗ ಆಯಿತು. ಅಲ್ಲಿದ್ದದ್ದು ಯಾರ ಅಪ್ಪನಾದರೂ ಆಗಬಹುದಿತ್ತು, ನನ್ನ ಅಪ್ಪ ಮಾತ್ರ ಇರಲಿಲ್ಲ. ಆ ಹಲಗೆಗಳನ್ನು ತಿರುಗಿಸಿ ಹಿಂಬದಿಯಲ್ಲಿ ಹೊಸ ಚಿತ್ರ ಕೊರೆಯತೊಡಗಿದೆ.

ಮೂರನೆಯ ಸಲ ಕೊರೆದದ್ದು ಅಪ್ಪನ ಕೋಟು. ಗೋಡೆಯ ಮೊಳೆಗೆ ತೂಗುಬಿಟ್ಟ ಹಳೆಯ ಕೋಟು, ಹಲಗೆಯ ತುಂಬ ಅದೊಂದೇ. ಒಳಗೆ ಯಾರೂ ಇಲ್ಲದಿದ್ದರೂ ಅದರ ಬಲತೋಳು ಮೊಣಕೈಯಲ್ಲಿ ಬಾಗಿಯೇ ಇರುತ್ತಿತ್ತು. ವರ್ಷಗಟ್ಟಲೆ ಮೇಜಿಗೆ ಅದೇ ಮೊಣಕೈ ಊರಿ ಬರೆದವರು ಅವರು. ಆ ಬಾಗು ಒಂದಕ್ಕೇ ನನಗೆ ಹತ್ತು ದಿನ ಹಿಡಿಯಿತು. ಮರದಚ್ಚಿನಲ್ಲಿ ಕೊರೆದು ತೆಗೆದದ್ದು ಹಾಳೆಯ ಮೇಲೆ ಬಿಳಿಯಾಗುತ್ತದೆ, ಉಳಿಸಿದ್ದು ಕಪ್ಪಾಗುತ್ತದೆ. ಒಂದು ನೆರಿಗೆಯ ಅಂಚು ಮೂಡಬೇಕಾದರೆ ಅದರ ಎರಡೂ ಬದಿಯ ಮರವನ್ನು ತೆಗೆದು, ನಡುವೆ ಕೂದಲೆಳೆಯಷ್ಟು ಏಣನ್ನು ಉಳಿಸಬೇಕು. ಉಳಿ ಮರದ ಎಳೆಗೆ ಅಡ್ಡವಾದರೆ ಆ ಏಣು ಚಕ್ಕೆ ಎದ್ದು ಹೋಗುತ್ತದೆ, ಮರಳಿ ಅಂಟಿಸಲು ಬರುವುದಿಲ್ಲ. ಎಲ್ಲ ಮುಗಿದ ಮೇಲೆ ರೋಲರಿನಿಂದ ಶಾಯಿ ಹಚ್ಚಿ, ತೆಳು ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ, ಮೂಲೆ ಹಿಡಿದು ನಿಧಾನವಾಗಿ ಎತ್ತಿದೆ. ಕೋಟು ಅಲ್ಲಿತ್ತು, ತೋಳು ಬಾಗಿತ್ತು.

ಈ ಸಲ ಚೀಟಿ ಹಾಕಲಿಲ್ಲ. ಎರಡನೆಯ ದಿನ ಬಂದ ಒಬ್ಬರು ಕೋಟಿನ ಮುಂದೆ ಬಹಳ ಹೊತ್ತು ನಿಂತರು. ಹತ್ತಿರ ಹೋದರು, ಹಿಂದೆ ಸರಿದರು, ಮತ್ತೆ ಹತ್ತಿರ ಹೋದರು. ಆಮೇಲೆ ನನ್ನ ಬಳಿ ಬಂದು ಕೇಳಿದರು: “ಇದು ಹೆಂಗಸರ ಕೋಟೇ?” ಅಲ್ಲ, ನನ್ನ ತಂದೆಯದು ಎಂದೆ. “ಹಾಗಾದರೆ ಗುಂಡಿ ಈ ಕಡೆ ಏಕೆ?” ಅವರು ಬಟ್ಟೆ ಹೊಲಿಯುವವರು. ಗಂಡಸರ ಕೋಟಿನಲ್ಲಿ ಎಡ ಮಗ್ಗುಲು ಬಲದ ಮೇಲೆ ಬರುತ್ತದೆ, ಗುಂಡಿಗಳು ತೊಟ್ಟವರ ಬಲಕ್ಕಿರುತ್ತವೆ. ಅಚ್ಚಿನಲ್ಲಿ ಹಲಗೆಯ ಎಡ ಹಾಳೆಯ ಬಲವಾಗುತ್ತದೆ ಎಂಬುದು ಈ ಕಲೆಯ ಮೊದಲ ಪಾಠ. ಕೋಟನ್ನು ನೋಡನೋಡುತ್ತಾ ನೇರವಾಗಿ ಹಲಗೆಗೇ ಇಳಿಸುವ ಭರದಲ್ಲಿ ನಾನು ಅದನ್ನು ಮರೆತಿದ್ದೆ. ಗುಂಡಿ ಮಾತ್ರವಲ್ಲ, ಬಾಗಿದ ತೋಳೂ ಎಡತೋಳಾಗಿತ್ತು. ಆ ಹಾಳೆಯನ್ನು ಅದುವರೆಗೆ ನೋಡಿದ್ದ ಕಲಾವಿದರಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ. ಅವರೆಲ್ಲ ಕಪ್ಪು–ಬಿಳುಪಿನ ತೂಕದ ಬಗ್ಗೆ ಮಾತನಾಡಿದ್ದರು.

ಬಟ್ಟೆ ಹೊಲಿಯುವ ಆ ವ್ಯಕ್ತಿ ಇನ್ನೊಂದು ಮಾತು ಹೇಳಿದರು: ತೋಳಿನ ನೆರಿಗೆ ಸರಿಯಾಗಿದೆ, ತುಂಬ ದಿನ ತೊಟ್ಟ ಬಟ್ಟೆ ಹೀಗೇ ನಿಲ್ಲುತ್ತದೆ. ಚಿತ್ರದ ಅರ್ಥವೇನೆಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸುತ್ತಿದೆ. ಜನಸಾಮಾನ್ಯರಿಗೆ ತಿಳಿಯುತ್ತದೆಯೇ ಎನ್ನುವಾಗ, ಅವರಿಗೆ ಏನೂ ತಿಳಿದಿಲ್ಲವೆಂದು ಮೊದಲೇ ತೀರ್ಮಾನಿಸಿರುತ್ತೇವೆ. ಒಬ್ಬರಿಗೆ ಬಟ್ಟೆ ಗೊತ್ತು, ಒಬ್ಬರಿಗೆ ಕಾಯುವುದು ಗೊತ್ತು, ಒಬ್ಬರಿಗೆ ಸಾವು ಗೊತ್ತು. ಬಾರದವನಿಗಾಗಿ ಇಬ್ಬರು ಕಾಯುತ್ತಲೇ ಇರುವ ಬೆಕೆಟ್‌ನ ನಾಟಕ ‘ವೇಟಿಂಗ್ ಫಾರ್ ಗೊಡೊ’ ಅಮೆರಿಕದಲ್ಲಿ 1956ರಲ್ಲಿ ಮೊದಲು ಮಯಾಮಿಯಲ್ಲಿ ರಂಗವೇರಿದಾಗ, ನಗೆನಾಟಕ ನಿರೀಕ್ಷಿಸಿ ಬಂದ ಪ್ರೇಕ್ಷಕರಲ್ಲಿ ಅನೇಕರು ನಡುವೆಯೇ ಎದ್ದು ಹೋದರು. ಮರುವರ್ಷ ನವೆಂಬರ್‌ನಲ್ಲಿ ಅದೇ ನಾಟಕವನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಸುಮಾರು 1,400 ಕೈದಿಗಳ ಮುಂದೆ ಆಡಿದರು. ಅದನ್ನು ಆರಿಸಿದ ಕಾರಣಗಳಲ್ಲಿ ಹೆಣ್ಣುಪಾತ್ರವಿಲ್ಲ ಎಂಬುದೂ ಒಂದು. ಕೈದಿಗಳು ಕೊನೆಯವರೆಗೂ ಕುಳಿತು ನೋಡಿದರು. ಬರುವುದಾಗಿ ಹೇಳಿ ಬಾರದವನಿಗಾಗಿ ಕಾಯುವುದೆಂದರೇನು ಎಂದು ಅವರಿಗೆ ಯಾರೂ ಚೀಟಿಯಲ್ಲಿ ಬರೆದು ಕೊಡಬೇಕಿರಲಿಲ್ಲ.

ನನ್ನ ಕಸುಬಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನೋಡುವುದು ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್‌ಳ ಕೆಲಸ. 1919ರ ಜನವರಿಯಲ್ಲಿ ಅಲ್ಲಿನ ಕಮ್ಯುನಿಸ್ಟ್ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಕೊಲೆಯಾದಾಗ, ಅವನ ಮನೆಯವರ ಕೋರಿಕೆಯಂತೆ ಅವಳು ಶವಾಗಾರಕ್ಕೆ ಹೋಗಿ ಅವನ ಮುಖವನ್ನು ಬರೆದುಕೊಂಡಳು. ಅವನ ಪಕ್ಷಕ್ಕೆ ಸೇರಿದವಳಲ್ಲ, ಆದರೆ ಮಗನನ್ನು ಯುದ್ಧದಲ್ಲಿ ಕಳೆದುಕೊಂಡವಳು. ಆ ಚಿತ್ರವನ್ನು ಲೋಹದಚ್ಚಿನಲ್ಲಿ ಪ್ರಯತ್ನಿಸಿದಳು, ಕಲ್ಲಚ್ಚಿನಲ್ಲಿ ಪ್ರಯತ್ನಿಸಿದಳು, ಎರಡೂ ಒಪ್ಪಿಗೆಯಾಗಲಿಲ್ಲ. 1920ರಲ್ಲಿ ಶಿಲ್ಪಿ ಬಾರ್ಲಾಖ್‌ನ ಮರದಚ್ಚುಗಳನ್ನು ಕಂಡ ಮೇಲೆ ತಾನೂ ಉಳಿ ಹಿಡಿದಳು. ಅವಳ ಆ ಮರದಚ್ಚಿನಲ್ಲಿ ಕಾರ್ಮಿಕರು ಹೆಣದ ಮೇಲೆ ಬಾಗಿದ್ದಾರೆ. ಅವರ ಮುಖ ಮತ್ತು ಕೈಗಳನ್ನು ಕೆಲವೇ ಒರಟು ಏಟುಗಳಲ್ಲಿ ಕಡೆದಿದ್ದಾಳೆ. ಎದೆಯ ಮೇಲಿಟ್ಟ ಒಂದು ದೊಡ್ಡ ಕೈ ಇದೆ. ಅದರ ಭಾರ ನನಗೆ ಈಗಲೂ ತಟ್ಟುತ್ತದೆ. ಜನರಿಗಾಗಿ ಸುಲಭ ಮಾಡುತ್ತೇನೆಂದು ಅವಳು ಎಲ್ಲೂ ಸಡಿಲಗೊಂಡಿಲ್ಲ. ಹೆಣದ ಮುಂದೆ ನಿಂತವರಿಗೆ ಗೊತ್ತಿರುವುದನ್ನು ತಪ್ಪಿಲ್ಲದೆ ಕಡೆಯಲು ಮೂರು ಮಾಧ್ಯಮಗಳನ್ನು ದಾಟಿ ಬಂದಳು.

ಕೋಟನ್ನು ಹೊಸ ಹಲಗೆಯಲ್ಲಿ ಮತ್ತೆ ಕೊರೆದೆ. ಈಗ ಚಿತ್ರವನ್ನು ಮೊದಲು ತೆಳು ಕಾಗದದಲ್ಲಿ ಬರೆದು, ಮಗುಚಿ ಹಲಗೆಗೆ ಇಳಿಸುತ್ತೇನೆ, ಕೊರೆಯುವಾಗ ಪಕ್ಕದಲ್ಲಿ ಕನ್ನಡಿ ಇಟ್ಟುಕೊಳ್ಳುತ್ತೇನೆ. ಯಾವುದೇ ವಸ್ತುವನ್ನು ಕೊರೆಯುವ ಮುನ್ನ ಅದರೊಂದಿಗೆ ದಿನವೂ ಬಾಳುವ ಒಬ್ಬರಿಗೆ ಕರಡನ್ನು ತೋರಿಸುವ ಅಭ್ಯಾಸವಾಗಿದೆ. “ಅರ್ಥವಾಯಿತೇ?” ಎಂದು ಕೇಳುವುದಿಲ್ಲ, “ಎಲ್ಲಿ ತಪ್ಪಿದೆ?” ಎಂದು ಕೇಳುತ್ತೇನೆ. ಮೊದಲ ಪ್ರಶ್ನೆಗೆ ಜನ ಮುಜುಗರದಿಂದ ತಲೆಯಾಡಿಸುತ್ತಾರೆ, ಎರಡನೆಯದಕ್ಕೆ ಕಾಗದವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯುತ್ತಾರೆ.

ಇಷ್ಟಾದರೂ ಮೊದಲ ಸರಣಿಯ ಕೊನೆಯ ಹಾಳೆಯನ್ನು ನಾನು ಬಿಟ್ಟುಕೊಟ್ಟಿಲ್ಲ. ಪೂರ್ತಿ ಕಪ್ಪು, ಕೆಳಮೂಲೆಯಲ್ಲಿ ಒಂದೇ ಒಂದು ಗೀರು. ಅಪ್ಪ ನನ್ನ ಮುಖವನ್ನು ನೋಡುತ್ತಾ ಯಾರು ನೀನು ಎಂದು ಕೇಳಿದ ಸಂಜೆ ಅದು. ಅದರ ಮುಂದೆ ಹೆಚ್ಚು ಜನ ನಿಲ್ಲುವುದಿಲ್ಲ. ತೆಗೆದುಬಿಡು ಎಂದು ಆಪ್ತರೂ ಹೇಳಿದ್ದಾರೆ. ಅದಕ್ಕಿಂತ ಸರಿಯಾಗಿ ಆ ಸಂಜೆಯನ್ನು ಕೊರೆಯುವುದು ನನಗೆ ಇನ್ನೂ ಸಾಧ್ಯವಾಗಿಲ್ಲ. ಹಾಗಾಗಿ ಈಗ ಅದನ್ನು ಕೋಟಿನ ಪಕ್ಕದಲ್ಲೇ, ಬಾಗಿದ ಮೊಣಕೈಯ ಮಟ್ಟಕ್ಕೆ ತೂಗುಹಾಕುತ್ತೇನೆ.