ಮಾವ ಬರೆದ ಷರತ್ತನ್ನು ಕಂಪ್ಯೂಟರಿಗೆ ಓದಿಸುವುದು

ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ನನ್ನ ಸೋದರಮಾವನಿಗೆ ಅಡಿಕೆ ಅಂಗಡಿ. ಬೆಳೆಗಾರರು ತಂದ ಮಾಲಿನ ಲೆಕ್ಕ ಇಡಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ತಂತ್ರಾಂಶ ಮಾಡಿಕೊಟ್ಟಿದ್ದೇನೆ. ಹೆಸರು ಹಾಕಿ ಹುಡುಕಿದರೆ ಚೀಟಿಗಳು ಸಾಲಾಗಿ ಬರುತ್ತವೆ. ಮಾವನಿಗೆ ಅಷ್ಟು ಸಾಲದು. ಐವತ್ತು ಕಿಲೋದ ಮೇಲಿನದ್ದು ಮಾತ್ರ ಬೇಕು, ಅದರಲ್ಲೂ ಕೋಕ ಎಂಬ ಬಗೆಯ ಅಡಿಕೆ ಬೇಡ. ಇಂಥ ಒಂದೊಂದಕ್ಕೂ ಬಟನ್ ಮಾಡುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಒಂದು ಖಾಲಿ ಚೌಕ ಕೊಟ್ಟು, ಬೇಕಾದ್ದನ್ನು ಬರೆಯಿರಿ ಅಂದೆ.

ಮೊದಲ ದಿನ ಸೋಮಾರಿತನದಿಂದ, ಬರೆದದ್ದನ್ನು ಹಾಗೇ, ಕೊಟ್ಟದ್ದನ್ನೆಲ್ಲ ಕೋಡ್ ಎಂದು ಓಡಿಸುವ ಪೈಥಾನಿನ ಇವ್ಯಾಲ್‌ಗೆ ಒಪ್ಪಿಸಿದ್ದೆ. ನೀವು ಹಾಗೆ ಮಾಡಬೇಡಿ. ಷರತ್ತು ಯಾವುದು, ಫೈಲ್ ಅಳಿಸುವ ಆಜ್ಞೆ ಯಾವುದು ಎಂಬ ಭೇದ ಅದಕ್ಕಿಲ್ಲ. ಪೈಥಾನಿನಲ್ಲಿ ಮೊದಲೇ ಇರುವ ಫಂಕ್ಷನ್ನುಗಳನ್ನು, ಅಂದರೆ ಬಿಲ್ಟ್-ಇನ್‌ಗಳನ್ನು ಕಿತ್ತಿಟ್ಟರೂ ನುಸುಳಲು ಸಂದಿ ಉಳಿದೇ ಇರುತ್ತದೆ. ನೂರೈವತ್ತು ಸಾಲಿನ ಸ್ವಂತ ಪಾರ್ಸರ್ (ಷರತ್ತನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಕೋಡ್) ಬರೆದರೆ ಆ ಭಯವಿಲ್ಲ.

ಕೆಲಸ ಮೂರು ಹಂತದ್ದು: ಪದ ಬಿಡಿಸುವುದು, ಯಾವುದರೊಳಗೆ ಯಾವುದು ಎಂದು ತೋರಿಸುವ ಮರ ಕಟ್ಟುವುದು, ಪ್ರತಿ ಚೀಟಿಯನ್ನೂ ಆ ಮರಕ್ಕೆ ಹಿಡಿದು ನೋಡುವುದು. ನನಗೆ ಹೆಚ್ಚು ಸಮಯ ತಿಂದದ್ದು ಸುಲಭವೆಂದುಕೊಂಡಿದ್ದ ಮೊದಲನೆಯದು. ಪೈಥಾನಿನಲ್ಲಿ ಅಕ್ಷರಗಳ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ 'ಪದದ ಅಕ್ಷರ' ಅಂತ ಸೂಚಿಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಇದೆಯಲ್ಲ, ಅದು ನಮ್ಮ ಗುಣಿತ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. 'ತೂಕ' ಕೊಟ್ಟರೆ 'ತ' ಒಂದು ಕಡೆ, 'ಕ' ಇನ್ನೊಂದು ಕಡೆ; ದೀರ್ಘ ಎಲ್ಲೋ ಬಿದ್ದುಹೋಗಿರುತ್ತದೆ. ಅದರ ಬದಲು ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡಿನ 128 ಸ್ಥಾನಗಳ ಕನ್ನಡ ವಲಯವನ್ನೇ ನೇರವಾಗಿ ಬರೆದುಬಿಡಿ. ಆ ವಲಯದಲ್ಲಿ ಕನ್ನಡ ಅಂಕೆಗಳೂ ಇರುವುದರಿಂದ ಅಂಕೆಯ ನಿಯಮ ಮೊದಲು ಬರಬೇಕು. ೫೦ ಅಂತ ಬರೆದರೂ ಬರಹವನ್ನು ಸಂಖ್ಯೆಯಾಗಿಸುವ ಪೈಥಾನಿನ ಇಂಟ್ ಅದನ್ನು ಐವತ್ತೆಂದೇ ಓದುತ್ತದೆ. ಹಾಗೆಯೇ '>=' ಅನ್ನು '>' ಗಿಂತ ಮೊದಲು ಹುಡುಕಿ.

ಇನ್ನೊಂದು ಕಾಣದ ಕಾಟ. 'ಕೋಕ'ದ ಓತ್ವ ಒಂದೇ ಚಿಹ್ನೆಯಾಗಿ ಬರಬಹುದು, ಮೂರು ಚೂರಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಷರತ್ತನ್ನೂ ಚೀಟಿಯಲ್ಲಿರುವ ಮಾತನ್ನೂ, ಚೂರುಗಳನ್ನು ಕೂಡಿಸಿ ಒಂದೇ ಚಿಹ್ನೆ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತಂದು ಹೋಲಿಸಿ. 'ಡಬ್ಬಲ್‌ಚೋಲ್' (ಇನ್ನೊಂದು ಬಗೆಯ ಅಡಿಕೆ) ಥರದ ಪದಗಳ ನಡುವೆ ಕೂತಿರುವ ಅದೃಶ್ಯ ಜೋಡಣೆ-ತಡೆ ಅಕ್ಷರವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಅದನ್ನು ನೀವೇ ತೆಗೆಯಬೇಕು.

ಮರ ಕಟ್ಟಲು ಮೂರು ಫಂಕ್ಷನ್ ಸಾಕು. ಎಲ್ಲಕ್ಕಿಂತ ಸಡಿಲವಾದದ್ದು 'ಅಥವಾ', ಅದರೊಳಗೆ 'ಮತ್ತು', ಅದರೊಳಗೆ ಒಂಟಿ ಹೋಲಿಕೆ ಇಲ್ಲವೇ ಆವರಣ. ಆವರಣ ತೆರೆದರೆ ಪುನಃ 'ಅಥವಾ' ಫಂಕ್ಷನ್ನನ್ನೇ ಕರೆಯುವುದು.

ತೂಕ > 50 ಮತ್ತು (ಬಗೆ = ಪಟೋರ ಅಥವಾ ಬಗೆ = ಕೋಕ)

ಹೀಗೆ ಬರೆದರೆ ಮರ ಹೀಗಿರುತ್ತದೆ:

ಮತ್ತು
– ತೂಕ > 50
– ಅಥವಾ
– – ಬಗೆ = ಪಟೋರ
– – ಬಗೆ = ಕೋಕ

ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದ ಶಂಟಿಂಗ್ ಯಾರ್ಡ್ ಎಂಬ, ಚಿಹ್ನೆಗಳನ್ನು ಪೇರಿಸಿಟ್ಟು ಸರದಿ ಹಚ್ಚುವ ವಿಧಾನದಿಂದಲೂ ಇದು ಆಗುತ್ತದೆ. ಆದರೆ ಆರು ತಿಂಗಳು ಬಿಟ್ಟು ನನ್ನದೇ ಕೋಡ್ ಓದುವಾಗ ಮೂರು ಫಂಕ್ಷನ್ನೇ ನನಗೆ ಬೇಗ ತಲೆಗೆ ಹೋಗುವುದು.

ಪುಸ್ತಕದ ಉದಾಹರಣೆಗಳಲ್ಲಿ ನಿಷೇಧ ಮುಂದೆ ಬರುತ್ತದೆ. ನಾವು 'ಬಗೆ = ಕೋಕ ಅಲ್ಲ' ಅನ್ನುವವರು. ಹಾಗಾಗಿ ಹೋಲಿಕೆಯನ್ನು ಪೂರ್ತಿ ಓದಿ, ಮುಂದಿನ ಪದ 'ಅಲ್ಲ' ಆಗಿದ್ದರೆ ಆಗ ತಿರುಗಿಸಿ. ಅದು ತನ್ನ ಹಿಂದಿನ ಒಂದೇ ತುಂಡಿಗೆ ಅಂಟಲಿ. ಇಡೀ ಮಾತಿಗೆ ಬೇಕಿದ್ದರೆ ಆವರಣ ಹಾಕಿಕೊಳ್ಳಲಿ.

ನನ್ನನ್ನು ನಿಜವಾಗಿ ಬೀಳಿಸಿದ್ದು ವ್ಯಾಕರಣವಲ್ಲ, ಮಾವನ 'ಮತ್ತು'. ಒಂದು ಸಂಜೆ 'ಬಗೆ = ಪಟೋರ ಮತ್ತು ಬಗೆ = ಕೋಕ' ಅಂತ ಬರೆದರು. ಒಂದು ಚೀಟಿಯೂ ಬರಲಿಲ್ಲ. "ಎಂತ ಕೂಸೇ, ನಿನ್ನ ಕಂಪ್ಯೂಟರಿಂಗೆ ಕಣ್ಣು ಕಾಣ್ತಿಲ್ಲೆಯೋ?" ಅವರಿಗೆ ಎರಡೂ ಬೇಕಿತ್ತು. ಒಂದೇ ಚೀಟಿ ಪಟೋರವೂ ಕೋಕವೂ ಆಗಲಾರದು ಎಂಬುದು ನನ್ನ ತರ್ಕ. ತಪ್ಪು ಯಾರದ್ದೂ ಅಲ್ಲ. 'ಮತ್ತು' ಅನ್ನು ಗುಟ್ಟಾಗಿ 'ಅಥವಾ' ಮಾಡುವ ಆಸೆಯಾಯಿತು, ಮಾಡಲಿಲ್ಲ. ನಾಳೆ ಬೇರೆ ಷರತ್ತಿನಲ್ಲಿ ಲೆಕ್ಕ ತಪ್ಪೀತು. ಬದಲಿಗೆ 'ಬಗೆ = ಪಟೋರ, ಕೋಕ' ಅಂತ ಅಲ್ಪವಿರಾಮ ಹಾಕಿದರೆ ಯಾವುದಾದರೂ ಒಂದು ಎಂಬ ಅರ್ಥ ಕೊಟ್ಟೆ. ಒಂದೇ ಅಂಕಣಕ್ಕೆ ಎರಡು '=' ಅನ್ನು 'ಮತ್ತು' ಜೋಡಿಸಿದರೆ, 'ಅಲ್ಪವಿರಾಮ ಹಾಕಬೇಕಿತ್ತೇ?' ಅಂತ ಪರದೆಯೇ ಕೇಳುತ್ತದೆ.

ಕೊನೆಯ ಹಂತದಲ್ಲಿ ಮರವನ್ನು ಒಮ್ಮೆ ಮಾತ್ರ ಕಟ್ಟಿ, ಸಾವಿರ ಚೀಟಿಗೂ ಅದನ್ನೇ ಬಳಸಿ. ತೂಕ ಬರೆಯದ ಚೀಟಿ ಬಂದರೆ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, 'ಗೊತ್ತಿಲ್ಲ'. ಅದನ್ನು ಸುಳ್ಳೆಂದು ಇಟ್ಟುಕೊಂಡರೆ 'ತೂಕ > 50 ಅಲ್ಲ' ಎಂದ ಕೂಡಲೇ ತೂಕವೇ ಇಲ್ಲದವೆಲ್ಲ ಒಳಗೆ ನುಗ್ಗುತ್ತವೆ. ಎಸ್‌ಕ್ಯೂಎಲ್‌ನ ನಲ್ (ದತ್ತಾಂಶ ಕೇಳುವ ಆ ಭಾಷೆಯಲ್ಲಿ ಖಾಲಿ ಬಿಟ್ಟ ಜಾಗ) ಥರ 'ಗೊತ್ತಿಲ್ಲ'ವನ್ನು ತಿರುಗಿಸಿದರೂ 'ಗೊತ್ತಿಲ್ಲ'ವೇ ಇರಲಿ. ಪಟ್ಟಿಗೆ ಬರುವುದು ನಿಜವಾದವು ಮಾತ್ರ. 'ಗೊತ್ತಿಲ್ಲ' ಆದವು ಎಷ್ಟೆಂದು ಕೆಳಗೆ ಒಂದು ಸಾಲು ತೋರಿಸುತ್ತೇನೆ.

ತಪ್ಪಾದಾಗ 'ಸಿಂಟ್ಯಾಕ್ಸ್ ಎರರ್' ಅನ್ನಬೇಡಿ. 'ತೂಕ ಆದಮೇಲೆ >, < ಅಥವಾ = ಬೇಕು' ಅಂದರೆ ಮಾವ ತಾವೇ ಸರಿಮಾಡಿಕೊಳ್ಳುತ್ತಾರೆ. ಎಡವಿದ ಷರತ್ತುಗಳನ್ನೆಲ್ಲ ಒಂದು ಫೈಲಿನಲ್ಲಿ ಕೂಡಿಟ್ಟು, ಕೋಡ್ ಮುಟ್ಟಿದಾಗಲೆಲ್ಲ ಅವನ್ನು ಪುನಃ ಓಡಿಸುತ್ತೇನೆ. ಮೊನ್ನೆ ಸೇರಿದ್ದು ಅಂಗಡಿಯಲ್ಲಿ ತೂಗುವ ಮಲಯಾಳಿ ಹುಡುಗನದ್ದು: 'ತೂಕ್ಕಂ > 50'. ಸಮಾನಪದಗಳ ಪಟ್ಟಿಗೆ ಒಂದು ಸಾಲು ಹೆಚ್ಚಾಯಿತು.